ಆರು ತಂತಿಯ ಡಬಲ್ ಕಾಯ್ಲ್ ಪಿಕಪ್

ಮುಂಬೈ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಪರ್ಚೇಸ್ ವಿಭಾಗದ ಮುಖ್ಯಸ್ಥ. ಬೋಲ್ಟಿನಿಂದ ಬಾಯ್ಲರ್‌ವರೆಗೆ ಏನೇ ಇರಲಿ, ನನ್ನ ಸಹಿ ಇಲ್ಲದೆ ಗೇಟಿನೊಳಗೆ ಬರುವುದಿಲ್ಲ. ಮೂರು ಕಡೆಯಿಂದ ಕೊಟೇಶನ್ ತರಿಸಿ, ಅಕ್ಕಪಕ್ಕ ಇಟ್ಟು, ಕನ್ನಡಕ ಒರೆಸಿ ನೋಡಿ, ಕೊನೆಗೆ ಒಂದನ್ನು ಆರಿಸುವುದು ನನ್ನ ಕಸುಬು. ನಾನು ಆರಿಸಿದ ವಾಲ್ವ್ ಸೋರಿದ್ದಿಲ್ಲ. ನಾನು ಆರಿಸಿದ ಬೇರಿಂಗ್ ಕಿರುಗುಟ್ಟಿದ್ದಿಲ್ಲ. ಹೀಗಿರುವಾಗ ಒಂದು ಗಿಟಾರಿಗೆ ಸೋಪಿನ ಬಿಲ್ಲೆಯಷ್ಟು ಸಣ್ಣ ಸಾಮಾನು ಆರಿಸುವುದು ಯಾವ ಮಹಾ ಕೆಲಸ!

ಹಾಗೆಂದು ತಿಳಿದಿದ್ದೆ. ಈಗ ಆ ವಿಷಯ ಬಂದರೆ ಮಾತು ಬದಲಿಸುತ್ತೇನೆ.

ಗಿಟಾರು ನನ್ನ ಮಗಳು ನಿಧಿಯದ್ದು. ಕಾಲೇಜಿನ ಹಿರಿಯ ಹುಡುಗಿಯೊಬ್ಬಳಿಂದ ಕೊಂಡ ಕೆಂಪು ಎಲೆಕ್ಟ್ರಿಕ್ ಗಿಟಾರು. ಚೆನ್ನಾಗಿ ಬಾರಿಸುತ್ತಾಳಂತೆ. ಅವಳಮ್ಮ ಹಾಗೆ ಹೇಳುತ್ತಾಳೆ. ನನಗೆ ಸಂಗೀತದಲ್ಲಿ ಶುರುವಾದದ್ದು ಮತ್ತು ಮುಗಿದದ್ದು, ಇವೆರಡು ಮಾತ್ರ ಗೊತ್ತಾಗುತ್ತವೆ. ಆದರೆ ಆ ಗಿಟಾರಿಗೆ ಒಂದು ಕಾಯಿಲೆ ಇತ್ತು. ಆಂಪ್ಲಿಫೈಯರಿಗೆ ಜೋಡಿಸಿದ ಕೂಡಲೇ, ಯಾರೂ ಮುಟ್ಟದೆಯೇ, "ಗುಂಯ್ಯ್ಯ್" ಎಂದು ತಾನೇ ಹಾಡಿಕೊಳ್ಳುತ್ತಿತ್ತು. ಠಾಕುರ್ಲಿಯಲ್ಲಿ ನಮ್ಮ ಮನೆ ರೈಲು ಹಳಿಯ ಪಕ್ಕದಲ್ಲಿದೆ. ಸ್ಲೋ ಲೋಕಲ್ ಹೋದರೆ ಒಂದು ಶ್ರುತಿ, ಫಾಸ್ಟ್ ಹೋದರೆ ಇನ್ನೊಂದು ಶ್ರುತಿ.

ಇನ್ನು ನಿಧಿಯ ವಿಷಯ ಹೇಳಬೇಕು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಉಡುಪಿ ಕಡೆಯವರಾದ ನಾನು, ನನ್ನ ಹೆಂಡತಿ ಜಯಂತಿ ಮನೆಯೊಳಗೆ ತುಳು ಮಾತಾಡುತ್ತೇವೆ, ಇಲ್ಲಿನ ಕನ್ನಡ ಸಂಘದವರೊಡನೆ ಕನ್ನಡ. ಎರಡೂ ಅವಳಿಗೆ ಪೂರ್ತಿ ಅರ್ಥವಾಗುತ್ತವೆ. ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಚಿಕ್ಕವಳಿದ್ದಾಗ ಕನ್ನಡ ಮಾತಾಡಲು ಹೋದರೆ ಸಂಘದ ಹೆಂಗಸರು "ಎಷ್ಟು ಚಂದ ತಪ್ಪು ಮಾತಾಡ್ತದೆ ಮಗು!" ಎಂದು ಕೆನ್ನೆ ಹಿಂಡುತ್ತಿದ್ದರು. ಆಮೇಲೆ ಅವಳು ಕನ್ನಡಕ್ಕೆ ಬಾಯಿ ಹಾಕುವುದನ್ನೇ ಬಿಟ್ಟಳು. ಸಂಘದ ವಾರ್ಷಿಕೋತ್ಸವ ಬಂತೆಂದರೆ ಅವಳಿಗೆ ತಪ್ಪದೆ ತಲೆನೋವು ಬರುತ್ತಿತ್ತು. ನನಗೆ ಇದು ಒಳಗೊಳಗೇ ಚುಚ್ಚುತ್ತಿತ್ತು. ಬೇರೆಯವರ ಮಕ್ಕಳು ವೇದಿಕೆಯ ಮೇಲೆ ನಿಂತಾಗ ನಾನು ಚಪ್ಪಾಳೆ ತಟ್ಟುತ್ತಿದ್ದೆ, ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದೆ.

ಅಂಥವಳು ಈ ವರ್ಷ ಒಪ್ಪಿಬಿಟ್ಟಳು! ಜಯಂತಿ ಒಂದು ದೇವರನಾಮ ಹಾಡುವುದು, ನಿಧಿ ಗಿಟಾರು ಬಾರಿಸುವುದು.

"ಗಿಟಾರ್ ಕೋ ಕನ್ನಡ ಬೋಲ್ನಾ ನಹೀ ಪಡ್ತಾ," ಎಂದಳು. ಗಿಟಾರಿಗೆ ಕನ್ನಡ ಮಾತಾಡುವ ಕಷ್ಟವಿಲ್ಲ ಎಂದು ಅರ್ಥ. ಷರತ್ತು ಒಂದೇ. ಆ ಗುಂಯ್ ನಿಲ್ಲಬೇಕು. ಗುಂಯ್‌ಗುಟ್ಟುವ ಗಿಟಾರು ಹಿಡಿದು ವೇದಿಕೆ ಹತ್ತುವುದಿಲ್ಲ.

"ಅಷ್ಟೇ ತಾನೆ? ನನಗೆ ಬಿಡು," ಎಂದೆ. ಈ ಎರಡು ಮಾತುಗಳಿಂದಲೇ ನಮ್ಮ ಮನೆಯ ಎಲ್ಲ ಅನಾಹುತಗಳೂ ಶುರುವಾಗುವುದು.

ಗುಂಯ್‌ಗುಟ್ಟುವುದು ಪಿಕಪ್ ಎಂದು ಗೊತ್ತಾಯಿತು. ಗಿಟಾರಿನ ತಂತಿಗಳ ಕೆಳಗೆ ಒಂದು ಕಪ್ಪು ಪಟ್ಟಿ ಇರುತ್ತದಲ್ಲ, ಅದೇ ಪಿಕಪ್. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಸುರುಳಿ, ಅಂದರೆ ಕಾಯ್ಲ್. ಒಂದೇ ಸುರುಳಿ ಇದ್ದರೆ ಸಿಂಗಲ್ ಕಾಯ್ಲ್. ಅದು ಗುಂಯ್ ಅನ್ನುತ್ತದೆ. ಎರಡು ಸುರುಳಿ ಇದ್ದರೆ ಡಬಲ್ ಕಾಯ್ಲ್. ಒಂದರ ಗುಂಯನ್ನು ಇನ್ನೊಂದು ನುಂಗಿ ಹಾಕುತ್ತದೆ. ನಮ್ಮದು ಸಿಂಗಲ್. ಡಬಲ್ ಹಾಕಿದರೆ ಮುಗಿಯಿತು.

ಮುಗಿಯಲಿಲ್ಲ. ಡಬಲ್‌ನಲ್ಲೇ ನೂರಾರು ಜಾತಿ! ಅವುಗಳ ವರ್ಣನೆ ಓದಿದರೆ ತಲೆ ತಿರುಗುತ್ತದೆ. ಒಂದರ ಧ್ವನಿ ಬೆಚ್ಚಗಿದೆಯಂತೆ. ಒಂದರದು ಗಾಜಿನ ಹಾಗೆ. ಇನ್ನೊಂದು ಬೆಣ್ಣೆಯ ಹಾಗೆ. ಮತ್ತೊಂದರ ಧ್ವನಿಯ ಬಣ್ಣ ಕಂದು! ವಾಲ್ವ್ ಮಾರುವವರು ಯಾರೂ ನನಗೆ ಹೀಗೆ ಬರೆದು ಕಳಿಸಿದ್ದಿಲ್ಲ. ನಾನು ಲ್ಯಾಪ್‌ಟಾಪಿನಲ್ಲಿ ಒಂದು ತುಲನಾತ್ಮಕ ಪಟ್ಟಿ ತಯಾರಿಸಿದೆ. ಅಯಸ್ಕಾಂತದ ಜಾತಿ, ಸುರುಳಿಯ ಅಳತೆ, ಬೆಚ್ಚಗೆ, ತಣ್ಣಗೆ, ಗಾಜು, ಬೆಣ್ಣೆ.

"ಜಯಂತಿ, ಗಾಜು ತಗೊಳ್ಳುವುದಾ, ಬೆಣ್ಣೆಯಾ?" ಎಂದು ಅಡುಗೆಮನೆಯತ್ತ ಕೂಗಿದೆ.

"ಬೆಣ್ಣೆ ಫ್ರಿಜ್ಜಲ್ಲಿ ಉಂಟು ಮಾರಾಯ್ರೆ. ಗಾಜು ಯಾಕೆ?"

ವಿಷಯ ತಿಳಿದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಪಟ್ಟಿಯನ್ನು ನೋಡಿದಳು. "ಒಂದು ವಾರದಿಂದ ಇದನ್ನೇ ನೋಡ್ತಾ ಕೂತಿದ್ದೀರಿ. ನನ್ನನ್ನು ನೋಡ್ಲಿಕ್ಕೆ ಬಂದಾಗ ಒಂದು ಕಪ್ ಕಾಫಿ ಕುಡಿಯುವಷ್ಟರಲ್ಲಿ ಒಪ್ಪಿದ್ರಲ್ಲ!"

ಆಗ ಮೂರು ಕೊಟೇಶನ್ ತರಿಸುವ ಅಭ್ಯಾಸ ನನಗಿನ್ನೂ ಆಗಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ನಿಧಿಯೂ ಬಂದು ಇಣುಕಿದಳು. "ಪಪ್ಪಾ, ತೂ ಐಕೂನ್ ಬಘಿತ್ಲಸ್ ಕಾ?" ಅವಳ ಮರಾಠಿ ಪ್ರಶ್ನೆ ನನ್ನ ತಲೆಯೊಳಗೆ ಕನ್ನಡವಾಗಿ ಇಳಿಯಿತು: ಕೇಳಿ ನೋಡಿದ್ದೀಯಾ?

ಯಾರನ್ನು ಕೇಳಬೇಕು, ಎಂದೆ ನಾನು. ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು. ಪಿಕಪ್ಪಿನ ಧ್ವನಿಯನ್ನು ಕಿವಿಯಿಂದ ಕೇಳಿ ಆರಿಸಬೇಕು ಎಂದು ಅವಳು ಹೇಳಿದ್ದೆಂದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಅಷ್ಟರಲ್ಲಿ ಕಾರ್ಯಕ್ರಮದ ವಾರ ಬಂತು. ತರಿಸಿಕೊಂಡರೆ ಭಾನುವಾರದೊಳಗೆ ಕೈಗೆ ಸಿಗುವ ಪಿಕಪ್ ಒಂದೂ ಇರಲಿಲ್ಲ. ನನ್ನ ಪಟ್ಟಿ ಮಾತ್ರ ಬಹಳ ಅಚ್ಚುಕಟ್ಟಾಗಿತ್ತು.

ನಮ್ಮ ಸಂಘದ ಕಾರ್ಯದರ್ಶಿ ಶೇಖರಣ್ಣನಿಗೆ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಹೋಟೆಲಿದೆ. ಈ ಕಡೆ ಕನ್ನಡದವರಿಗೆ ಬಾಡಿಗೆ ಮನೆ, ಪುರೋಹಿತರು, ಅಳಿಯಂದಿರು, ಏನು ಬೇಕಾದರೂ ಹುಡುಕಿ ಕೊಡುವವರು ಅವರೇ. ಗುರುವಾರ ಸಂಜೆ ಅಲ್ಲಿಗೆ ಹೋದೆ. ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಒಂದು ಕಿವಿಯಲ್ಲಿ ಫೋನು, ಇನ್ನೊಂದು ಕಿವಿಯಲ್ಲಿ ಅಡುಗೆಭಟ್ಟರನ್ನು ಇಟ್ಟುಕೊಂಡು ಕಾರ್ಯಕ್ರಮದ ಉಪ್ಪಿಟ್ಟಿನ ವ್ಯವಸ್ಥೆ ಮಾಡುತ್ತಿದ್ದರು. ಉಳಿದದ್ದರಲ್ಲಿ ನನ್ನ ಮಾತು ಕೇಳಿದರು.

"ಶೇಖರಣ್ಣ, ಭಾನುವಾರದ ಕಾರ್ಯಕ್ರಮಕ್ಕೆ ಅರ್ಜೆಂಟ್ ಒಂದು ಪಿಕಪ್ ಬೇಕು. ಡಬಲ್ ಕಾಯ್ಲ್."

"ಪಿಕಪ್ ನೀವೇ ನೋಡಿಕೊಳ್ತೀರಾ ರಾಯ್ರೆ? ಅಬ್ಬ, ನನ್ನ ದೊಡ್ಡ ತಲೆಬಿಸಿ ಕಮ್ಮಿ ಆಯ್ತು!"

ನನ್ನ ಮಗಳ ಗಿಟಾರಿಗಾಗಿ ಇವರು ಇಷ್ಟು ತಲೆಬಿಸಿ ಮಾಡಿಕೊಂಡಿದ್ದರೇ ಎಂದು ನನ್ನ ಕಣ್ಣು ತುಂಬಿ ಬಂತು. ಕಲೆಯ ಮೇಲೆ ಎಂಥ ಪ್ರೀತಿ!

"ಕಳಂಬೋಲಿಯಲ್ಲಿ ಶಿವಪ್ಪ ಅಂತ ಇದ್ದಾರೆ," ಎಂದರು. "ವಿಜಯಪುರದ ಕಡೆಯವರು. ಪಿಕಪ್, ಕಾಯ್ಲು, ತಂತಿ, ಎಲ್ಲ ಅವರದ್ದೇ ವ್ಯವಹಾರ. ನನ್ನ ಹೆಸರು ಹೇಳಿ."

ಕಳಂಬೋಲಿ ಕಬ್ಬಿಣದ ಪೇಟೆ. ಬೇರೆಯವರಾಗಿದ್ದರೆ ಅಲ್ಲೇ ಅನುಮಾನ ಪಡುತ್ತಿದ್ದರು. ಪರ್ಚೇಸ್ ಮನುಷ್ಯನ ಬುದ್ಧಿ ಬೇರೆ ರೀತಿ ಓಡುತ್ತದೆ. ಅಯಸ್ಕಾಂತ, ತಂತಿ, ಸುರುಳಿ ಇವೆಲ್ಲ ಎಲ್ಲಿಂದ ಬರುತ್ತವೆ? ಕಬ್ಬಿಣದ ಪೇಟೆಯಿಂದಲೇ ಅಲ್ಲವೇ! ಮಧ್ಯವರ್ತಿಗಳನ್ನು ಬಿಟ್ಟು ನೇರ ಮೂಲಕ್ಕೇ ಹೋಗುತ್ತಿದ್ದೇನೆ ಎಂದು ಹೆಮ್ಮೆಪಟ್ಟೆ. ಅದೂ ಕನ್ನಡದಲ್ಲಿ ವ್ಯವಹಾರ!

ಫೋನು ಮಾಡಿದೆ. ಆ ಸಂಭಾಷಣೆಯನ್ನು ಇಲ್ಲಿ ಯಥಾವತ್ತಾಗಿ ನಿವೇದಿಸುತ್ತಿದ್ದೇನೆ. ತಪ್ಪು ಯಾರದೆಂದು ಓದುಗರೇ ತೀರ್ಮಾನಿಸಲಿ.

"ನಮಸ್ಕಾರ, ಶಿವಪ್ಪನವರಾ? ನಾನು ಠಾಕುರ್ಲಿಯಿಂದ, ಶೇಖರಣ್ಣ ನಂಬರ್ ಕೊಟ್ಟರು. ನನಗೊಂದು ಪಿಕಪ್ ಬೇಕಿತ್ತು."

"ನಮಸ್ಕಾರ್ರೀ ಸಾಹೇಬ್ರ! ಶೇಖರಣ್ಣಾರ ಮಂದಿ ಅಂದ್ರ ನಮ್ಮ ಮಂದಿ. ಪಿಕಪ್ಪಿಗೇನ್ ಕಮ್ಮಿರೀ. ಕಾಯ್ಲ್ ಬೇಕೇನ್ರಿ?"

ಬಾಯಿ ತೆರೆಯುವ ಮೊದಲೇ ಕಾಯ್ಲಿನ ಮಾತೆತ್ತಿದರು. ಇವರು ಬಲ್ಲವರು ಎಂದು ನನಗೆ ಖಾತ್ರಿಯಾಯಿತು. "ಹೌದು. ಸಿಂಗಲ್ ಕಾಯ್ಲ್ ಬೇಡ. ಡಬಲ್."

"ಡಬಲ್. ಆತ್ರಿ. ತಂತಿ ಎಷ್ಟರದ್ರಿ?"

"ಆರು ತಂತಿ." ಗಿಟಾರಿಗೆ ಆರೇ ತಂತಿ.

"ಆರರದು. ಆತ್ರಿ. ಏನ್ ಕೆಲಸಕ್ಕ್ರಿ?"

"ಸ್ಟೇಜಿಗೆ."

"ಸ್ಟೇಜಿಗಂದ್ರ ಗಟ್ಟಿ ಇರಬೇಕ್ರಿ ಮತ್ತ."

"ಅದೇ, ಗಟ್ಟಿ ಇರಬೇಕು! ಹಿಂದಿನ ಸಾಲಿನವರಿಗೂ ಕೇಳಬೇಕು."

ಆ ಕಡೆ ಏನೋ ಗೀಚಿಕೊಂಡ ಸದ್ದು. ಆಮೇಲೆ, "ಎಲ್ಲಿಗೆ ಬೇಕ್ರಿ?"

ಗಿಟಾರಿನಲ್ಲಿ ಎರಡು ಜಾಗದಲ್ಲಿ ಪಿಕಪ್ ಇರುತ್ತದೆ. ಒಂದು ಕುತ್ತಿಗೆಯ ಹತ್ತಿರ. ಇನ್ನೊಂದು ತಂತಿಗಳು ಬಂದು ಕೂರುವ ಕಟ್ಟೆಯ ಹತ್ತಿರ. ಅದಕ್ಕೆ ಬ್ರಿಜ್ ಎನ್ನುತ್ತಾರೆ. ನಮಗೆ ಮುಖ್ಯವಾಗಿ ಬೇಕಾದದ್ದು ಅದು. "ಬ್ರಿಜ್. ಬ್ರಿಜ್ ಪಿಕಪ್," ಎಂದೆ.

"ಬ್ರಿಜ್ ಮ್ಯಾಲೇನ್ರಿ, ಕೆಳಗೇನ್ರಿ?"

"ಬ್ರಿಜ್‌ಗೆ ತಾಗಿಕೊಂಡೇ. ಒಂಚೂರು ಮುಂದೆ."

"ತಿಳೀತ್ರಿ. ನೀವು ಠಾಕುರ್ಲಿ ಅಲ್ರಿ? ಗೊತ್ತದ, ಗೊತ್ತದ."

ನಮ್ಮ ವೀಣೆಯಲ್ಲಿ ಈ ಬ್ರಿಜ್‌ಗೆ ಕುದುರೆ ಎನ್ನುತ್ತಾರೆ. ನಾನು ಅಚ್ಚ ಕನ್ನಡದಲ್ಲಿ ಕುದುರೆ ಎಂದಿದ್ದರೆ ಠಾಕುರ್ಲಿಗೆ ಏನು ಬರುತ್ತಿತ್ತೋ ಎಂದು ಈಗಲೂ ಮೈ ನಡುಗುತ್ತದೆ.

ಕೊನೆಯದಾಗಿ ಅತಿ ಮುಖ್ಯವಾದ ಪ್ರಶ್ನೆ ಕೇಳಿದೆ. "ಸದ್ದು ಮಾಡುವುದಿಲ್ಲ ತಾನೆ? ಈಗಿರುವುದು ಬಹಳ ಗುಂಯ್ ಅನ್ನುತ್ತದೆ."

"ಸಪ್ಪಳದ್ದು ಚಿಂತೀ ಬಿಡ್ರಿ. ಮನ್ನಿ ಮನ್ನಿ ಹೊಸಾ ಸೈಲೆನ್ಸರ್ ಹಾಕ್ಸೀನಿ!"

ಪಿಕಪ್ಪಿಗೂ ಸೈಲೆನ್ಸರ್! ವಿಜ್ಞಾನ ಎಷ್ಟು ಮುಂದುವರಿದಿದೆ ಎಂದು ಬೆರಗಾದೆ. ನನ್ನ ಪಟ್ಟಿಯಲ್ಲಿ ಸೈಲೆನ್ಸರಿಗೆ ಜಾಗವೇ ಇರಲಿಲ್ಲ; ಕೂಡಲೇ ಸೇರಿಸಿದೆ.

ಭಾನುವಾರ ಬೆಳಗ್ಗೆ ಪಿಕಪ್ ಬರುತ್ತದೆ ಎಂದಾಯಿತು. ಬಂದ ಮೇಲೆ ಹಳೆಯದನ್ನು ಬಿಚ್ಚುತ್ತ ಕೂರಬಾರದೆಂದು ಶನಿವಾರವೇ ಕೆಲಸಕ್ಕೆ ಕೈ ಹಾಕಿದೆ. ನಿಧಿ ಕಾಲೇಜಿನ ಕೆಲಸಕ್ಕೆ ವಾಶಿಗೆ ಹೋಗಿದ್ದಳು. ಹಾಸಿಗೆಯ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಗಿಟಾರನ್ನು ಮಲಗಿಸಿದೆ. ತಂತಿ ಬಿಚ್ಚಿದೆ. ಸ್ಕ್ರೂ ಬಿಚ್ಚಿದೆ. ಒಂದು ಸ್ಪ್ರಿಂಗ್ ಹಾರಿ ಮಂಚದ ಕೆಳಗೆ ಹೋಯಿತು. ದೇಹದಲ್ಲಿ ಅಪೆಂಡಿಕ್ಸ್ ಇರುವ ಹಾಗೆ ಇದೂ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಯಾವ ವೈರು ಎಲ್ಲಿಗೆ ಎಂದು ನೆನಪಿರಲೆಂದು ಮೊಬೈಲಿನಲ್ಲಿ ಫೋಟೋ ತೆಗೆದೆ. ಆಮೇಲೆ ಕತ್ತರಿಯಿಂದ ವೈರು ಕತ್ತರಿಸಿದೆ. ಆಮೇಲೆ ಫೋಟೋ ನೋಡಿದೆ. ನನ್ನ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಬಂದಿತ್ತು.

ಇರಲಿ. ಕುತ್ತಿಗೆಯ ಹತ್ತಿರದ್ದೂ ಸೇರಿ ಎರಡೂ ಪಿಕಪ್ ಹೊರಗೆ ಬಂದವು. ಬ್ರಿಜ್ ಕಡೆಯದರ ಅಂಚಿಗೆ ಒಂದು ಕೂದಲು ಅಂಟಿಕೊಂಡಿತ್ತು. ನಿಧಿಯದು ಉದ್ದ ಕೂದಲು. ಬಾರಿಸುವಾಗ ಸಿಕ್ಕಿಕೊಂಡಿರಬೇಕು, ಇದಕ್ಕೇ ಗುಂಯ್ ಅನ್ನುತ್ತಿದೆಯೋ ಏನೋ ಎಂದು ಎಳೆದೆ. ಬಂತು. ಇನ್ನೂ ಎಳೆದೆ. ಇನ್ನೂ ಬಂತು. ಇಷ್ಟು ಉದ್ದ ಕೂದಲಿಗೆ ಈ ಹುಡುಗಿ ಯಾವ ಎಣ್ಣೆ ಹಚ್ಚುತ್ತಾಳಪ್ಪಾ ಎಂದು ಮೆಚ್ಚಿಕೊಳ್ಳುತ್ತ, ಎಳೆಯುತ್ತ ಬಾಗಿಲವರೆಗೆ ಬಂದೆ.

"ಎಂತ ಅದು ಕೈಯಲ್ಲಿ?" ಎಂದಳು ಜಯಂತಿ.

"ನಿಧಿಯ ಕೂದಲು."

ಅವಳು ಬೆಳಕಿಗೆ ಹಿಡಿದು ನೋಡಿದಳು. "ಕೂದಲು ತಾಮ್ರದ ಬಣ್ಣ ಯಾವಾಗ ಆದದ್ದು ಮಾರಾಯ್ರೆ?"

ಪಿಕಪ್ಪಿನ ಪ್ರಾಣವಾದ ಸುರುಳಿಯನ್ನೇ ನಾನು ಅರ್ಧ ಬಿಚ್ಚಿ ಹಾಕಿದ್ದೆ. ಇನ್ನು ಅದನ್ನು ಸುತ್ತುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಆದರೆ ಹೊಸದು ಬರುತ್ತಿದೆಯಲ್ಲ! ಸೈಲೆನ್ಸರ್ ಸಮೇತ! ಗಿಟಾರಿಗೆ ಬೆಡ್‌ಶೀಟು ಹೊದಿಸಿ, ಸಂಜೆ ನಿಧಿ ಕೇಳಿದಾಗ, "ನಾಳೆ ತಿಂಡಿ ತಿನ್ನುವಷ್ಟರಲ್ಲಿ ರೆಡಿ," ಎಂದೆ. ಅವಳು ನಂಬಿದಳು. ನಕ್ಕಳು ಕೂಡ. ಆ ನಗು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಭಾನುವಾರ ಬೆಳಗ್ಗೆ ಫೋನು ಬಂತು. "ಸಾಹೇಬ್ರ, ಶಿವಪ್ಪ ಮಾತಾಡಾಕತ್ತೀನ್ರಿ. ಬ್ರಿಜ್‌ಗೆ ಹತ್ತೇ ನಿಂತೀನಿ. ಒಂಚೂರು ಮುಂದ. ನೀವು ಅಂದಂಗ."

ಪಿಕಪ್ಪಿಗೆ ಗೀರು ಬೀಳಬಾರದೆಂದು ಜಯಂತಿಯ ಒಡವೆ ಡಬ್ಬಿಯನ್ನು ಖಾಲಿ ಮಾಡಿ, ಹತ್ತಿ ಹಾಸಿಕೊಂಡು ಓಡಿದೆ. ಠಾಕುರ್ಲಿ ಬ್ರಿಜ್ ಇಳಿಯುವಲ್ಲಿ ಒಂದು ದೊಡ್ಡ ಬಿಳಿ ಟೆಂಪೋ ಅಡ್ಡ ನಿಂತು, ಅದರ ಹಿಂದೆ ರಿಕ್ಷಾಗಳೆಲ್ಲ ಹಾರ್ನ್ ಬಾರಿಸುತ್ತಿದ್ದವು. ಆ ಗದ್ದಲದಲ್ಲಿ ನಾನು ಶಿವಪ್ಪನವರನ್ನು ಹುಡುಕಿದೆ. ಸ್ಕೂಟರಿನಲ್ಲಿ, ಕೈಯಲ್ಲೊಂದು ಪುಟ್ಟ ಪೊಟ್ಟಣ ಹಿಡಿದ ಮನುಷ್ಯ ಎಂದು ನನ್ನ ಕಲ್ಪನೆ. ಯಾರೂ ಕಾಣಲಿಲ್ಲ. ಟೆಂಪೋದಿಂದ ಭಾರಿ ಮೀಸೆಯ ಒಬ್ಬರು ಇಳಿದು ಕೈ ಮುಗಿದರು.

"ಸಾಹೇಬ್ರ ಅಲ್ರಿ? ನಾನ ಶಿವಪ್ಪ."

"ಓಹೋ, ಬನ್ನಿ ಬನ್ನಿ. ಪಿಕಪ್ ಎಲ್ಲಿ?"

ಅವರು ನನ್ನನ್ನು ನೋಡಿದರು. ಟೆಂಪೋವನ್ನು ನೋಡಿದರು. ಅದರ ಬಾನೆಟ್ಟಿನ ಮೇಲೆ ಪ್ರೀತಿಯಿಂದ ಕೈ ತಟ್ಟಿದರು. "ಇದ ಅಲ್ರಿ!"

ಹೌದು. ಡೊಂಬಿವಲಿಯಿಂದ ಕಳಂಬೋಲಿಯವರೆಗೆ ಯಾರನ್ನೇ ಕೇಳಿ, ಪಿಕಪ್ ಎಂದರೆ ಹಿಂದುಗಡೆ ತೆರೆದ ಸಾಮಾನಿನ ಗಾಡಿ. ನನ್ನ ಕಾರ್ಖಾನೆಯ ಗೇಟಿಗೇ ದಿನವೂ ಬರುತ್ತವೆ; ನಾನೇ ಸಹಿ ಹಾಕಿ ಒಳಗೆ ಬಿಡುತ್ತೇನೆ!

"ಹಾಗಾದರೆ... ಕಾಯ್ಲ್?" ಎಂದೆ.

"ಹಿಂದ ನೋಡ್ರಿ, ಫಸ್ಟ್ ಕ್ಲಾಸ್ ಮಾಲ್!"

ಗಾಡಿಯ ಹಿಂದೆ ಆರು ಎಂಎಂ ಕಬ್ಬಿಣದ ತಂತಿಯ ಎರಡು ಸುರುಳಿಗಳು ರಾಕ್ಷಸರ ಮನೆಯ ಚಕ್ಕುಲಿಗಳಂತೆ ಒರಗಿಕೊಂಡಿದ್ದವು. ಡಬಲ್ ಕಾಯ್ಲ್. ಆರರದು. ಗಟ್ಟಿ. ಆರ್ಡರಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

"ಎಲ್ಲಿ ಇಳಸೂನ್ರಿ?" ಎಂದ ಶಿವಪ್ಪನವರ ಕಣ್ಣು ನನ್ನ ಕೈಯಲ್ಲಿದ್ದ ಒಡವೆ ಡಬ್ಬಿಯ ಮೇಲೆ ಬಿತ್ತು. ಹತ್ತಿಯನ್ನೂ ನೋಡಿದರು. ಏನೂ ಕೇಳಲಿಲ್ಲ. ದೊಡ್ಡ ಮನುಷ್ಯರು.

ರಿಕ್ಷಾದವರ ಬೈಗುಳ ತಡೆಯಲಾರದೆ ಗಾಡಿಯನ್ನು ನಮ್ಮ ಹೌಸಿಂಗ್ ಸೊಸೈಟಿಯ ಅಂಗಳಕ್ಕೇ ಕರೆತಂದೆ. ಬಾಲ್ಕನಿಯಿಂದ ಜಯಂತಿ ಕೆಳಗೆ ನೋಡಿದಳು. "ಎಂತ ಸಾವು ಮಾರಾಯ್ರೆ ಇದು! ಯಾರ ಮನೆ ಕಟ್ಟಿಸ್ತಾ ಇದ್ದೀರಿ?"

ಮೇಲೆ ಚಹಾ ಕುಡಿಯುತ್ತ ನಾನು ಶಿವಪ್ಪನವರಿಗೆ ಗಿಟಾರಿನ ಪಿಕಪ್ ಎಂದರೇನೆಂದು ವಿವರಿಸುತ್ತಿದ್ದಾಗ ನಿಧಿ ಎದ್ದು ಬಂದಳು. ನೇರವಾಗಿ ಹೋಗಿ ಬೆಡ್‌ಶೀಟು ಎತ್ತಿದಳು. ಕೆಂಪು ಗಿಟಾರಿನ ಎದೆಯಲ್ಲಿ ಎರಡು ತೂತು. ಪಕ್ಕದಲ್ಲಿ ಗೋಜಲಾದ ತಾಮ್ರದ ತಂತಿ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ತೂತಿನ ಮೇಲೆ ಬೆರಳಾಡಿಸಿ, "ಮೈ ನಹೀ ಜಾ ರಹೀ," ಎಂದಳು. ನಾನು ಹೋಗುವುದಿಲ್ಲ. ಅಷ್ಟೇ.

ಇಷ್ಟು ವರ್ಷಗಳ ಮೇಲೆ ಸಂಘದ ಬಾಗಿಲವರೆಗೆ ಬಂದಿದ್ದ ಹುಡುಗಿಯನ್ನು ನಾನೇ ನನ್ನ ಕೈಯಾರೆ ಹಿಂದಕ್ಕೆ ಕಳಿಸಿದ್ದೆ. ಅವಳು ಇನ್ನೊಮ್ಮೆ ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಜಯಂತಿ, "ಹಾಗಾದ್ರೆ ನಾನೂ ಹಾಡುವುದಿಲ್ಲ," ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆಗ ಶೇಖರಣ್ಣನ ಫೋನು ಬಂತು. "ರಾಯ್ರೆ, ಪಿಕಪ್ ಬಂತಾ?"

"ಬಂತು," ಎಂದೆ. ಸುಳ್ಳೇನಲ್ಲ.

"ಹಾಗಾದ್ರೆ ಮಧ್ಯಾಹ್ನ ಹೋಟ್ಲಿಗೆ ಕಳಿಸಿ ಮಾರಾಯ್ರೆ. ಉಪ್ಪಿಟ್ಟಿನ ಕ್ಯಾನು, ಕುರ್ಚಿ, ಬ್ಯಾನರು ಎಲ್ಲ ಹಾಲಿಗೆ ಸಾಗಿಸ್ಬೇಕು. ನೀವು ವ್ಯವಸ್ಥೆ ಮಾಡಿದ್ದು ಭಾರೀ ಉಪಕಾರ ಆಯ್ತು!"

ಅವರ ದೊಡ್ಡ ತಲೆಬಿಸಿ ಯಾವುದೆಂದು ನನಗೆ ಈಗ ತಿಳಿಯಿತು. ಕಲೆಯ ಮೇಲಿನದೆಂದು ನಾನು ತಿಳಿದ ಪ್ರೀತಿ ಉಪ್ಪಿಟ್ಟಿನ ಮೇಲಿತ್ತು.

ಶಿವಪ್ಪನವರು ಪುಣ್ಯಾತ್ಮರು. "ಕಾಯ್ಲ್ ನಾಳೆ ಕಲ್ಯಾಣದಾಗ ಒಬ್ರಿಗೆ ಹಾಕ್ತೀನ್ರಿ, ಚಿಂತೀ ಮಾಡಬ್ಯಾಡ್ರಿ," ಎಂದು ಗಾಡಿ ಹೊರಡಿಸಿದರು. ವೇದಿಕೆ ಹತ್ತಬೇಡ, ಕೂತು ನೋಡಿದರೆ ಸಾಕು ಎಂದು ಜಯಂತಿ ಹೇಗೋ ನಿಧಿಯನ್ನು ಹೊರಡಿಸಿದ್ದಳು; ಇಬ್ಬರೂ ಮುಂದಿನ ಸೀಟಿನಲ್ಲಿ ಅವರ ಪಕ್ಕ. ನಿಧಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಯಾಕೆ ಬಾರಿಸುವುದಿಲ್ಲ ಎಂದು ಶೇಖರಣ್ಣ ಕೇಳಿದರೆ ಬಾಯಿ ತೆರೆಯುವ ಬದಲು ಇದನ್ನೇ ತೋರಿಸುತ್ತಾಳಂತೆ. ಅಲ್ಲಿ ನನಗೆ ಜಾಗವಿರಲಿಲ್ಲ. ಜಾಗವಿದ್ದರೂ ಕರೆಯುತ್ತಿರಲಿಲ್ಲ. ಕಾರ್ಖಾನೆಯ ಪರ್ಚೇಸ್ ಮುಖ್ಯಸ್ಥನಾದ ನಾನು ಹಿಂದುಗಡೆ, ಎರಡು ಕಬ್ಬಿಣದ ಸುರುಳಿಗಳ ನಡುವೆ ಕೂತು, ಹೋಟೆಲಿನಿಂದ ಏರಿದ ಬಿಸಿ ಉಪ್ಪಿಟ್ಟಿನ ಕ್ಯಾನನ್ನು ಅಪ್ಪಿಕೊಂಡು ಡೊಂಬಿವಲಿಯ ಬೀದಿಗಳಲ್ಲಿ ಮೆರವಣಿಗೆ ಹೋದೆ. ಸಿಗ್ನಲಿನಲ್ಲಿ ನಮ್ಮ ಕಾರ್ಖಾನೆಯ ಇಬ್ಬರು ನಮಸ್ಕಾರ ಮಾಡಿದರು. ನಾನು ಬ್ಯಾನರಿನಿಂದ ಮುಖ ಮುಚ್ಚಿಕೊಂಡೆ.

ಮುಂದಿನ ಸೀಟಿನಲ್ಲಿ ಏನು ನಡೆಯಿತೆಂದು ಜಯಂತಿ ಆಮೇಲೆ ಹೇಳಿದಳು. ಶಿವಪ್ಪ "ಏನಾತು ತಂಗಿ, ಯಾಕ ಸಪ್ಪಗದಿ?" ಎಂದು ಕೇಳಿದರಂತೆ. ನಿಧಿ ಹಿಂದಿಯಲ್ಲಿ ಉತ್ತರ ಕೊಟ್ಟಳಂತೆ.

"ನನಗ ಈ ಕಿವ್ಯಾಗ ಹಿಂದಿ ಕೇಳ್ಸೂದಿಲ್ಲವ್ವಾ. ಬರೇ ಕನ್ನಡ ಕೇಳ್ಸತದ."

ಅವರ ಕನ್ನಡ ನಿಧಿಗೆ ಅರ್ಧ ಅರ್ಥವಾಗಲಿಲ್ಲ. ಅವಳ ಕನ್ನಡ ಅವರಿಗೆ ಅರ್ಧ ಅರ್ಥವಾಗಲಿಲ್ಲ. ಅದೇ ಒಳ್ಳೆಯದಾಯಿತು. ತಪ್ಪು ಯಾರದು ಸರಿ ಯಾರದು ಎಂದು ಹೇಳಲು ಅಲ್ಲಿ ಯಾರಿಗೂ ಅಧಿಕಾರವಿರಲಿಲ್ಲ. ಅವಳು ಗುಂಯ್‌ನಿಂದ ಹಿಡಿದು ಕೂದಲಿನವರೆಗೆ ಎಲ್ಲ ಹೇಳಿದಳು. ಅವರು ಫೋನಿನಲ್ಲಿ ನಡೆದ ಮಾತುಕತೆಯನ್ನು ಹೇಳಿದರು. ಹಿಂದೆ ಕೂತ ನನಗೆ ಕಿಟಕಿಯ ಗಾಜಿನಾಚೆ ಮೂರು ತಲೆಗಳು ಅಲುಗುವುದು ಮಾತ್ರ ಕಾಣುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ಒಂದು ಕಡೆ ಗಾಡಿ ಗಕ್ಕನೆ ನಿಂತಿತು. ನಕ್ಕೂ ನಕ್ಕೂ ಸ್ಟೀರಿಂಗ್ ಹಿಡಿಯಲಾಗದೆ ಶಿವಪ್ಪ ಬದಿಗೆ ನಿಲ್ಲಿಸಿದ್ದರಂತೆ! ಉಪ್ಪಿಟ್ಟಿನ ಕ್ಯಾನು ನನ್ನ ಎದೆಗೆ ಗುದ್ದಿತು.

ಹಾಲಿನಲ್ಲಿ ಜನ ತುಂಬಿದ್ದರು. ನಮ್ಮ ಸರದಿ ಬಂದಾಗ ನಿರೂಪಕರು ತಾಯಿ ಮಗಳ ಹೆಸರು ಕೂಗಿದರು. ನಾನು ಕುರ್ಚಿಯಲ್ಲಿ ಮುದುಡಿಕೊಂಡೆ. ಹೆಸರು ತೆಗೆಸಿರಿ ಎಂದು ಶೇಖರಣ್ಣನಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಿರಲಿಲ್ಲ. ಜಯಂತಿ ಏಳಲಿಲ್ಲ.

ನಿಧಿ ಎದ್ದಳು. ತೂತು ಬಿದ್ದ ಗಿಟಾರನ್ನು ಹಿಡಿದು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಳು. ಬೆರಳಿನಿಂದ ಮೈಕನ್ನು ಎರಡು ಸಲ ತಟ್ಟಿದಳು.

"ನಮಸ್ಕಾರ," ಎಂದಳು. ಕನ್ನಡದಲ್ಲಿ! "ಇದು ನನ್ನ ಗಿಟಾರ್. ಇದು ಒಂದು ಹೋಲ್. ಇದು ಇನ್ನೊಂದು ಹೋಲ್. ಈ ಹೋಲ್ ನನ್ನ ಪಪ್ಪಾ."

ಪಪ್ಪಾ ಮಾಡಿದ್ದು ಎನ್ನಬೇಕಿತ್ತು. ಸಭೆ ಗೊಳ್ಳೆಂದಿತು. ಅವಳು ಈಗ ಇಳಿದು ಓಡುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ. ಓಡಲಿಲ್ಲ. ನಗು ಮುಗಿಯುವವರೆಗೆ ಕಾದು, ಮುಂದುವರಿಸಿದಳು.

"ನನ್ನ ಪಪ್ಪಾ ತುಂಬಾ ಹುಷಾರು. ಅದೇ ಪ್ರಾಬ್ಲಂ."

ಆಮೇಲೆ ಇಡೀ ಕಥೆ ಬಂತು. ನಾನು ಗಾಜೋ ಬೆಣ್ಣೆಯೋ ಎಂದು ಅಡುಗೆಮನೆಯತ್ತ ಕೂಗಿದ್ದು, ಕೂದಲು ಎಳೆದದ್ದು, ಬ್ರಿಜ್‌ಗೆ ತಾಗಿಕೊಂಡೇ ಎಂದದ್ದು. ನನ್ನ ಧ್ವನಿಯನ್ನು ಮೂಗಿನಿಂದ ಮಾಡಿದಳು. ನಾನು ಹಾಗೆ ಮಾತಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ. ಪಪ್ಪಾ ಗಿಟಾರ್ ಬಿಚ್ಚಿದರು ಎನ್ನಲು ಹೋಗಿ ಪಪ್ಪಾ ಗಿಟಾರ್ ಕೊಚ್ಚಿದರು ಎಂದಳು. ಯಾರೂ ತಿದ್ದಲಿಲ್ಲ. ಸತ್ಯಕ್ಕೆ ಅದೇ ಹತ್ತಿರ. ಶಿವಪ್ಪನವರ ಮಾತನ್ನು ಅವರ ಧಾಟಿಯಲ್ಲೇ ಹೇಳಿದಾಗ, ಹಿಂದಿನ ಸಾಲಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಅವರು ತಟ್ಟೆ ಸಮೇತ ಎದ್ದು ನಿಂತರು. "ಏ ತಂಗಿ, ಸೈಲೆನ್ಸರ್ ಮಾತು ಬಿಟ್ಟೀ ನೋಡು!" ಎಂದು ಕೂಗಿದರು. ಸಭೆಯಲ್ಲಿ ಕೆಲವರು ಕುರ್ಚಿಯಿಂದ ಜಾರಿದರು. ಜಯಂತಿ ಸೆರಗನ್ನು ಬಾಯಿಗೆ ತುರುಕಿಕೊಂಡು ನನ್ನ ಭುಜಕ್ಕೆ ಗುದ್ದುತ್ತಿದ್ದಳು.

ನನಗೆ ಅಳು ಬಂತು. ನಕ್ಕು ನಕ್ಕು ಕಣ್ಣೀರು ಬಂದಿದೆ ಎಂದು ಪಕ್ಕದವರು ತಿಳಿದರು. ತಿಳಿದುಕೊಳ್ಳಲಿ. ನನ್ನ ಮಗಳು ಅಷ್ಟು ಜನರ ಮುಂದೆ, ಅಷ್ಟು ತಪ್ಪುಗಳೊಡನೆ, ಅಷ್ಟು ಧೈರ್ಯವಾಗಿ ಕನ್ನಡ ಮಾತಾಡುತ್ತಿದ್ದಳು. ಅದು ನನ್ನನ್ನು ಹರಾಜು ಹಾಕುವ ಕನ್ನಡವಾದರೇನಂತೆ! ಅಷ್ಟು ಸಂತೋಷ ನನಗೆ ಯಾವ ಭಾಷೆಯಲ್ಲೂ ಆಗಿರಲಿಲ್ಲ.

ಅಂದು ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಅವಳಿಗೆ. ಮುಂದಿನ ವಾರ ವಾಶಿಯ ಅಂಗಡಿಯಲ್ಲಿ ಎರಡು ಮೂರು ಗಿಟಾರು ಬಾರಿಸಿ, ಕಿವಿಯಿಂದ ಕೇಳಿ, ಒಂದು ಕಪ್ ಕಾಫಿ ಕುಡಿಯುವಷ್ಟರಲ್ಲಿ ಅವಳೇ ಪಿಕಪ್ ಆರಿಸಿದಳು. ಜಯಂತಿಯ ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಆದರೆ ನನ್ನನ್ನು ಅಂಗಡಿಯೊಳಗೆ ಬಿಡಲಿಲ್ಲ.

ವಾಪಸ್ಸು ಬರುವಾಗ ಮೆಲ್ಲಗೆ ಕೇಳಿದೆ. "ಬರುವ ವರ್ಷವೂ ವೇದಿಕೆ ಹತ್ತುತ್ತೀಯಾ?"

"ಹತ್ತುತ್ತೇನೆ," ಎಂದಳು, ಕನ್ನಡದಲ್ಲೇ. "ಆದ್ರೆ ಅದಕ್ಕೆ ನೀವು ಏನಾದ್ರೂ ಹಾಳು ಮಾಡ್ಬೇಕಲ್ಲ, ಪಪ್ಪಾ?"

ಅದರ ಚಿಂತೆ ಅವಳಿಗೆ ಬೇಡ, ನನ್ನ ಮೇಲೆ ಪೂರ್ತಿ ಭರವಸೆ ಇಡಬಹುದು ಎಂದೆ. ಅಮ್ಮ, ಮಗಳು ಇಬ್ಬರೂ ಒಟ್ಟಿಗೆ ಹೌದೆಂದು ತಲೆಯಾಡಿಸಿದರು. ನನ್ನ ಸಾಮರ್ಥ್ಯದ ವಿಷಯದಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಅಭಿಪ್ರಾಯ ಇದ್ದದ್ದು ಅದೇ ಮೊದಲು!